ಕಣ್ಣಿಗೆ ಬಿದ್ದ ಹೂವು: ಮೈಲಿ, ಗೊಬ್ಬರ ಮತ್ತು ನಮ್ಮ ಬರಗಾಲಗಳು

ನಮ್ಮ ವಿಜಯಪುರ ಸೀಮೆಯಲ್ಲಿ ಕಣ್ಣು ಮಂಜಾದವರ ಬಗ್ಗೆ ಎರಡು ಮಾತು ಕೇಳುತ್ತೇವೆ. ಒಂದು 'ಪೊರಿ ಬಂದೈತಿ', ಇನ್ನೊಂದು 'ಹೂ ಬಿದ್ದೈತಿ'. ಕೇಳುವುದಕ್ಕೆ ಎರಡೂ ಒಂದೇ ಥರ ಅನ್ನಿಸುತ್ತವೆ. ಆದರೆ ಪೊರೆ ಬರುವುದು ಕಣ್ಣಿನ ಒಳಗಿನ ಮಸೂರಕ್ಕೆ, ಅದೂ ಹೆಚ್ಚಾಗಿ ವಯಸ್ಸಾದ ಮೇಲೆ. ಹೂ ಬೀಳುವುದು ಕಣ್ಣಗುಡ್ಡೆಯ ಮುಂದಿರುವ ಗಾಜಿನಂಥ ಪದರಕ್ಕೆ. ಡಾಕ್ಟರರು ಅದನ್ನು ಕಾರ್ನಿಯಾ ಎನ್ನುತ್ತಾರೆ. ಅಲ್ಲಿ ಹುಣ್ಣಾಗಿ ಮಾಯ್ದರೆ ಮಲ್ಲಿಗೆ ಎಸಳಿನಂಥ ಬಿಳಿ ಕಲೆ ಉಳಿಯುತ್ತದೆ. ಗಾಯಕ್ಕೆ ಇಷ್ಟು ಚೆಂದದ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು, ಎಂಬತ್ತು ದಾಟಿದವರ ನಡುವೆ ಕೂತರೆ ಇಂಥ ಹೂ ಬಿದ್ದ ಕಣ್ಣು ಈಗಲೂ ಕಾಣಸಿಗುತ್ತದೆ. ಮೂವತ್ತರ ಒಳಗಿನವರಲ್ಲಿ ಅಪರೂಪ. ಈ ಎರಡು ತಲೆಮಾರಿನ ನಡುವೆ ಏನಾಯಿತು ಎಂಬುದೇ ಈ ಬರಹ. ಹಿಂದಿನ ಜನ್ಮದ ಪಾಪ, ದೇವಿಯ ಸಿಟ್ಟು, ಹಣೆಬರಹ ಎಂದು ನಮ್ಮ ಹಿರಿಯರು ಇದಕ್ಕೆ ಕಾರಣ ಹೇಳಿಕೊಂಡರು. ಪುಸ್ತಕ, ವರದಿಗಳನ್ನು ಓದುತ್ತ ಹೋದಂತೆ ನಮಗೆ ಕಂಡದ್ದು ಬೇರೆ. ಸಣ್ಣ ಮಕ್ಕಳಿಗೆ ಬರುವ ವೈರಸ್ ಬೇನೆ ಕಣ್ಣಿಗೆ ಕೈ ಹಾಕುತ್ತಿತ್ತು, ನಿಜ. ಆ ಕಣ್ಣು ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ಬಹಳ ಸಲ ತೀರ್ಮಾನ ಮಾಡಿದ್ದು ಮನೆಯ ಹಸಿವು.

ಮೊದಲು ಮೈಲಿಯ ಕಥೆ. ಸಿಡುಬು, ಮೈಲಿ, ದೇವಿ, ಅಮ್ಮ ಎಂದು ಹಲವು ಹೆಸರಿನಿಂದ ಕರೆಸಿಕೊಂಡ ಬೇನೆ ಇದು. ಹೆಸರು ಹೇಳಲೂ ಹೆದರಿ 'ತಾಯಿ ಬಂದಾಳ' ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ತಪ್ಪಲು ಸಿಗಿಸುವುದು, ಮನೆಯಲ್ಲಿ ಒಗ್ಗರಣೆ ಹಾಕದಿರುವುದು, ಹೊರಗಿನವರನ್ನು ಒಳಗೆ ಬಿಡದಿರುವುದು ಇವೆಲ್ಲ ಆ ಕಾಲದ ಕಟ್ಟಳೆ. ಹೊರಗಿನವರನ್ನು ಬಿಡದಿದ್ದದ್ದು ಒಳ್ಳೆಯದೇ. ಬೇನೆ ಹರಡುವುದು ಅಷ್ಟಾದರೂ ಕಡಿಮೆಯಾಗುತ್ತಿತ್ತು.

ಮೈಲಿಯ ಗುಳ್ಳೆ ಮುಖದ ತುಂಬ ಏಳುತ್ತಿತ್ತು. ರೆಪ್ಪೆ ಬಾತು ನಾಲ್ಕಾರು ದಿನ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಒಳಗೆ ಕೀವು ಕಟ್ಟಿ, ಗಾಜಿನ ಪದರಕ್ಕೆ ಹುಣ್ಣಾಗಿ, ಕೂಸು ಬದುಕಿದರೂ ಕಣ್ಣು ಹೋಗುತ್ತಿತ್ತು. ಕೆಲವರಿಗೆ ಒಂದು, ಕೆಲವರಿಗೆ ಎರಡೂ. ಇದಕ್ಕೆ ಅರಸು ಮಕ್ಕಳು, ಆಳು ಮಕ್ಕಳು ಎಂಬ ಭೇದ ಇರಲಿಲ್ಲ. ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಎಡಗಣ್ಣು ಕಳಕೊಂಡದ್ದು ಚಿಕ್ಕಂದಿನಲ್ಲಿ ಬಂದ ಇದೇ ಬೇನೆಯಿಂದ. 18ನೇ ಶತಮಾನದ ಯುರೋಪಿನಲ್ಲಿ ಕುರುಡರಾದವರ ಪೈಕಿ ಮೂರನೇ ಒಂದು ಪಾಲು ಮೈಲಿಯಿಂದಲೇ ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ.

ಇಂಗ್ಲೆಂಡಿನ ಡಾಕ್ಟರ್ ಎಡ್ವರ್ಡ್ ಜೆನ್ನರ್ 1796ರಲ್ಲಿ ಆಕಳ ಮೈಲಿಯಿಂದ ಲಸಿಕೆ ಕಂಡುಹಿಡಿದ. ಅದು ನಮ್ಮ ದೇಶಕ್ಕೆ ಬಂದದ್ದು ಬಾಗ್ದಾದ್, ಬಸ್ರಾ ದಾರಿಯಲ್ಲಿ. ಆಗ ಫ್ರಿಜ್ ಇಲ್ಲ, ಐಸ್ ಡಬ್ಬಿ ಇಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಚುಚ್ಚಿ, ಅವರಿಂದ ಮತ್ತೊಬ್ಬರಿಗೆ ಚುಚ್ಚಿ, ಹೀಗೆ ಜೀವಂತ ಸರಪಳಿಯಲ್ಲಿ ಲಸಿಕೆಯನ್ನು ಸಾಗಿಸಬೇಕಿತ್ತು. 1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಅದು ಹತ್ತಿತು. ಭಾರತದಲ್ಲಿ ಮೈಲಿಯ ಲಸಿಕೆ ಹರಡಿದ್ದು ಆ ಕೂಸಿನ ತೋಳಿನಿಂದ. ಮೈಸೂರಿನ ಅರಮನೆಯ ಹೆಣ್ಣುಮಕ್ಕಳೂ ಆ ಹೊತ್ತಿನಲ್ಲೇ ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕಿ ಬರೆದ ಒಂದು ಚಿತ್ರದಲ್ಲಿ ರಾಣಿಯೊಬ್ಬರು ಸೀರೆ ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಇತಿಹಾಸಕಾರರು ಹೇಳುತ್ತಾರೆ.

ಮೈಸೂರು ನಮ್ಮಿಂದ ದೂರ. ನಮ್ಮ ಸೀಮೆ ಆಗ ಪೇಶ್ವೆಯವರ ಕೈಯಲ್ಲಿತ್ತು. 1818ರ ನಂತರ ವಿಜಾಪುರ ಸಾತಾರಾ ಅರಸರಿಗೆ ಹೋಯಿತು. 1848ರಲ್ಲಿ ಸಾತಾರಾವನ್ನು ಇಂಗ್ಲಿಷರು ನುಂಗಿದ ಮೇಲೆ ಮುಂಬೈ ಸರಕಾರದ ಪಾಲಾಯಿತು. ಕಲಾದಗಿ ಜಿಲ್ಲೆ ಎಂದು ಹೆಸರಾಗಿ, 1885ರಲ್ಲಿ ಕಚೇರಿ ವಿಜಾಪುರಕ್ಕೆ ಬಂದಿತು. ಹೀಗಾಗಿ ಮೈಲಿ ಹಾಕುವವರು ನಮ್ಮ ಹಳ್ಳಿಗೆ ಬಂದದ್ದು ಮುಂಬೈ ಸರಕಾರದ ನೌಕರರಾಗಿ. ಅವರು ಬಂದರೆಂದರೆ ತಾಯಂದಿರು ಕೂಸುಗಳನ್ನು ಅಡಗಿಸುತ್ತಿದ್ದರಂತೆ. ನಾವು ಅದನ್ನು ಬರೀ ಮೂಢನಂಬಿಕೆ ಎಂದು ನಗುವುದಿಲ್ಲ. ಒಂದು ಕೂಸಿನ ತೋಳಿನ ಗುಳ್ಳೆ ಒಡೆದು ರಸ ತೆಗೆಯುವಾಗ ಆ ಕೂಸಿಗೆ ನೋವು. ಯಾರ ಮೈಯ ರಸ ಯಾರ ಮೈಗೆ ಎಂಬ ಜಾತಿಯ ಅಂಜಿಕೆ ಬೇರೆ. ಚುಚ್ಚಿದ ಗಾಯ ಕೀವಾಗುವುದೂ ಇತ್ತು.

ತೋಳಿನಿಂದ ತೋಳಿಗೆ ಚುಚ್ಚುವ ಪದ್ಧತಿ ಹೋಗಿ ಕರುಗಳ ಚರ್ಮದ ಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಂದ ಮೇಲೆ ಈ ತಂಟೆ ಕಡಿಮೆಯಾಯಿತು. ಇಲ್ಲಿ ನಮ್ಮ ಪಕ್ಕದ ಬೆಳಗಾವಿಯ ಪಾತ್ರ ದೊಡ್ಡದು. ಟಿಳಕವಾಡಿಯ 'ವ್ಯಾಕ್ಸಿನ್ ಡಿಪೋ' ಎಂದರೆ ಇವತ್ತು ಬೆಳಗಾವಿ ಮಂದಿಗೆ ಗಿಡಮರಗಳಿರುವ ಮೈದಾನ, ಬೆಳಗಿನ ವಾಕಿಂಗಿನ ಜಾಗ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಶುರುವಾದ ಸಂಸ್ಥೆ ಕರುಗಳಿಂದ ಮೈಲಿಯ ಲಸಿಕೆ ತಯಾರಿಸುತ್ತಿತ್ತು. ಮುಂದೆ ಬಿಸಿಲಿಗೂ ಕೆಡದ ಒಣಪುಡಿಯ ಲಸಿಕೆ ತಯಾರಿಸಿದ ದೇಶದ ಕೆಲವೇ ಸಂಸ್ಥೆಗಳಲ್ಲಿ ಬೆಳಗಾವಿಯೂ ಒಂದು. ಏಪ್ರಿಲ್ ಬಿಸಿಲಿನಲ್ಲಿ ತಿಕೋಟಾದಂಥ ಊರಿಗೆ ಸೈಕಲ್ ಮೇಲೆ ಲಸಿಕೆ ಒಯ್ಯುವವನಿಗೆ ಒಣಪುಡಿ ಎಂದರೇನು ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

1962ರಲ್ಲಿ ದೇಶದಾದ್ಯಂತ ಮೈಲಿ ನಿರ್ಮೂಲನೆ ಕಾರ್ಯಕ್ರಮ ಶುರುವಾಯಿತು. ಕೊನೆಯ ಹಂತದಲ್ಲಿ ಬೇನೆ ತೋರಿಸಿಕೊಟ್ಟವರಿಗೆ 1,000 ರೂಪಾಯಿ ತನಕ ಬಹುಮಾನ ಇತ್ತು. ಆ ಕಾಲಕ್ಕೆ ಅದು ಎತ್ತು ಕೊಳ್ಳುವ ದುಡ್ಡು. ದೇಶದ ಕೊನೆಯ ರೋಗಿ ಸಿಕ್ಕದ್ದು 1975ರ ಮೇ ತಿಂಗಳಲ್ಲಿ, ಅಸ್ಸಾಮಿನಲ್ಲಿ. 1980ರಲ್ಲಿ ಜಗತ್ತಿನಿಂದಲೇ ಮೈಲಿ ಹೋಯಿತೆಂದು ಘೋಷಣೆಯಾಯಿತು. ಐವತ್ತು ದಾಟಿದವರ ತೋಳಿನ ಮೇಲೆ ನಾಣ್ಯದಗಲ ಕಲೆ ಇದ್ದರೆ ನೋಡಿ, ಅದು ಆ ಕಾಲದ ರಸೀದಿ. ಬಿಸಿಜಿ ಸೂಜಿಯ ಸಣ್ಣ ಕಲೆ ಬೇರೆ.

ಮೈಲಿ ಎಷ್ಟು ಜನರ ಕಣ್ಣು ತೆಗೆಯಿತು ಎಂಬ ಲೆಕ್ಕ ಸಿಗುತ್ತದೆಯೇ ಎಂದು ನೀವು ಕೇಳಬಹುದು. ಇಂಗ್ಲಿಷರ ಕಾಲದ ಜನಗಣತಿಯಲ್ಲಿ 1931ರ ತನಕ ಕುರುಡರನ್ನು ಬೇರೆಯಾಗಿ ಎಣಿಸುತ್ತಿದ್ದರು. ಆದರೆ ಎಣಿಸುವವರಿಗೆ ಇದ್ದ ಸೂಚನೆ, ಎರಡೂ ಕಣ್ಣು ಹೋದವರನ್ನು ಮಾತ್ರ ಬರೆದುಕೊಳ್ಳಿ ಎಂದು. ಒಂದು ಕಣ್ಣಿಗೆ ಹೂ ಬಿದ್ದವರು, ಒಕ್ಕಣ್ಣ ಎಂದು ಊರಿಗೆಲ್ಲ ಹೆಸರಾದವರು, ಸರಕಾರದ ಪುಸ್ತಕದಲ್ಲಿ ಕಣ್ಣಿದ್ದವರೇ. ಮದುವೆ ಮಾತು ಮುರಿದದ್ದು, ದನ ಕಾಯಲು ಹಚ್ಚಿದ್ದು, ಶಾಲೆ ಬಿಡಿಸಿದ್ದು ಯಾವ ತಖ್ತೆಯಲ್ಲೂ ಇಲ್ಲ.

ಈಗ ಬರದ ಮಾತಿಗೆ ಬರೋಣ. ನಮ್ಮ ಸೀಮೆಯ ಕಣ್ಣಿನ ಇತಿಹಾಸ ಮಳೆಯ ಇತಿಹಾಸದಿಂದ ಬೇರೆಯಲ್ಲ ಎಂದು ನಾವು ನಂಬುತ್ತೇವೆ. 1876ರಿಂದ 78ರ ಬರದಲ್ಲಿ ಮುಂಬೈ ಇಲಾಖೆಯಲ್ಲೇ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ 6 ಲಕ್ಷ 40 ಸಾವಿರದ ಆಸುಪಾಸಿಗೆ ಇಳಿಯಿತು. ಸತ್ತವರೂ ಇದ್ದರು, ಊರು ಬಿಟ್ಟು ಹೋದವರೂ ಇದ್ದರು.

ಡೋಣಿ ದಂಡೆಯ ಬಿಳಿಜೋಳ ಹೊಟ್ಟೆ ತುಂಬುತ್ತದೆ, ಮೈಗೆ ಬಲ ಕೊಡುತ್ತದೆ. ಆದರೆ ಕಣ್ಣಿಗೆ ಬೇಕಾದ ಎ ಜೀವಸತ್ವ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಿಗುವುದು ಹಾಲು, ಬೆಣ್ಣೆ, ತುಪ್ಪ, ತತ್ತಿಯಿಂದ. ಮೆಂತೆ, ರಾಜಗಿರಿ, ಹಕ್ಕರಕಿ, ಕುಸುಬಿ ಎಲೆ, ನುಗ್ಗೆಸೊಪ್ಪಿನಂಥ ಹಸಿರು ಪಲ್ಯಗಳಿಂದ, ಗಜ್ಜರಿಯಿಂದ. ಅದೂ ಮೈಗೆ ಹತ್ತಬೇಕಾದರೆ ಜೊತೆಗೆ ಒಂದಿಷ್ಟು ಎಣ್ಣೆ ಬೇಕು. ಮಳೆ ಆದ ವರ್ಷ ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಕುಸುಬಿ ಎಣ್ಣೆ ಇದ್ದೇ ಇರುತ್ತಿತ್ತು. ಮಳೆ ಹೋದ ವರ್ಷ ಮೊದಲು ಮಾಯವಾಗುವುದು ಹೊಲದ ಪಲ್ಯ. ಆಮೇಲೆ ಮೇವಿಲ್ಲದೆ ಎಮ್ಮೆ ಮಾರುತ್ತಾರೆ, ಹಾಲು ಹೋಗುತ್ತದೆ. ಉಳಿಯುವುದು ಬರೀ ರೊಟ್ಟಿ, ಖಾರ. ಕೂಸಿಗೆ ಸಂಜೆಯ ನಂತರ ದಾರಿ ಕಾಣದಾಗುತ್ತದೆ, ಹೊಸ್ತಿಲು ಎಡವುತ್ತದೆ. ಇದೇ ಇರುಳುಗಣ್ಣು, ಕಣ್ಣು ಕೊಡುವ ಮೊದಲ ಎಚ್ಚರಿಕೆ. ಹೀಗೆ ಒಳಗೊಳಗೇ ಒಣಗಿದ ಮಗುವಿಗೆ ಗೊಬ್ಬರ ಬಂದರೆ?

ಗೊಬ್ಬರ ಎಂದರೆ ದಡಾರ. ಇಂಗ್ಲಿಷಿನಲ್ಲಿ ಮೀಸಲ್ಸ್. ಗಡಿಯಾಚೆಯ ಜತ್ತ, ಸಾಂಗ್ಲಿ ಕಡೆ ಮರಾಠಿಯಲ್ಲಿ ಗೋವರ ಎನ್ನುತ್ತಾರೆ. ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು, ಆಮೇಲೆ ಮೈತುಂಬ ಕೆಂಪು ದದ್ದು. ಮೈಲಿಗೆ ಹೆದರಿದಷ್ಟು ಇದಕ್ಕೆ ಯಾರೂ ಹೆದರಲಿಲ್ಲ. ಎಲ್ಲ ಮಕ್ಕಳಿಗೂ ಒಮ್ಮೆ ಬಂದೇ ಬರುತ್ತದೆ, ಬಂದರೆ ಒಳ್ಳೆಯದು ಎನ್ನುವವರೂ ಇದ್ದರು, ಈಗಲೂ ಇದ್ದಾರೆ. ಹೆದರಿಕೆ ಇಲ್ಲದ್ದೇ ಇಲ್ಲಿ ಕೆಡುಕಾಯಿತು.

ಗೊಬ್ಬರದ ವೈರಸ್ ನೇರವಾಗಿಯೂ ಕಣ್ಣನ್ನು ಕೆರಳಿಸುತ್ತದೆ. ಚೆನ್ನಾಗಿ ಉಂಡ ಮಗುವಿಗೆ ಅದು ಎಂಟು ದಿನದಲ್ಲಿ ಇಳಿಯುತ್ತದೆ. ಒಣಗಿದ ಮಗುವಿನಲ್ಲಿ ಹಾಗಲ್ಲ. ಮೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಎ ಜೀವಸತ್ವವನ್ನು ಜ್ವರ ಮತ್ತು ಭೇದಿ ಬಾಚಿಕೊಂಡು ಹೋಗುತ್ತವೆ. ಕಣ್ಣೀರು ಬತ್ತುತ್ತದೆ, ಗಾಜಿನ ಪದರ ಒಣಗುತ್ತದೆ, ಮೆತ್ತಗಾಗುತ್ತದೆ, ಕೆಲವೇ ದಿನಗಳಲ್ಲಿ ಕರಗಿ ತೂತು ಬೀಳುತ್ತದೆ. ಮೇಲಿನಿಂದ ಪಥ್ಯ. ಎಣ್ಣೆ ಇಲ್ಲ, ತುಪ್ಪ ಇಲ್ಲ, ತತ್ತಿ ಇಲ್ಲ, ಪಲ್ಯ ಇಲ್ಲ, ಗಂಜಿ ಮಾತ್ರ. ಯಾವುದು ಕಣ್ಣು ಉಳಿಸುತ್ತಿತ್ತೋ ಅದನ್ನೇ ಹುಡುಕಿ ಹುಡುಕಿ ನಿಲ್ಲಿಸಿದಂತಾಯಿತು. ಕಣ್ಣು ಬಿಡುತ್ತಿಲ್ಲ ಎಂದು ಎಲೆಯ ರಸ, ಹರಳೆಣ್ಣೆ, ಇನ್ನೇನೇನೋ ಹಿಂಡಿದರೆ ಹುಣ್ಣು ಕೆಡುತ್ತಿತ್ತು. ಮಾಡಿದವರು ಕೂಸಿನ ಮೇಲಿನ ಜೀವದಿಂದಲೇ ಮಾಡಿದರು. ಅವರಿಗೆ ತಿಳಿಸಿ ಹೇಳುವ ಡಾಕ್ಟರರು ಹತ್ತಾರು ಹರದಾರಿಯಲ್ಲಿ ಇರಲಿಲ್ಲ.

ನಮಗೆ ಹೊಟ್ಟೆಕಿಚ್ಚಾಗುವ ಒಂದು ಸಂಗತಿ ಇದೆ. 1932ರಲ್ಲೇ ಲಂಡನ್ನಿನಲ್ಲಿ ಜೋಸೆಫ್ ಎಲಿಸನ್ ಎಂಬ ಡಾಕ್ಟರ್ ಗೊಬ್ಬರ ಬಂದ 600 ಮಕ್ಕಳನ್ನು ಎರಡು ಪಾಲು ಮಾಡಿ, 300 ಮಕ್ಕಳಿಗೆ ಎ ಜೀವಸತ್ವ ಹೆಚ್ಚಿದ್ದ ಮೀನೆಣ್ಣೆ ಕೊಟ್ಟಿದ್ದರು. ಕೊಡದಿದ್ದವರಲ್ಲಿ 26 ಮಕ್ಕಳು ತೀರಿಕೊಂಡರೆ ಕೊಟ್ಟವರಲ್ಲಿ 11. ಅಚ್ಚಾಗಿ ಬಂದ ಈ ವರದಿಯನ್ನು ಜಗತ್ತು ಐವತ್ತು ವರ್ಷ ಮರೆತುಬಿಟ್ಟಿತು. ಅಮೆರಿಕದ ಕಣ್ಣಿನ ಡಾಕ್ಟರ್ ಆಲ್ಫ್ರೆಡ್ ಸಾಮರ್ ಇಂಡೋನೇಷ್ಯಾದ ಹಳ್ಳಿಗಳಲ್ಲಿ ಇರುಳುಗಣ್ಣಿನ ಮಕ್ಕಳನ್ನು ನೋಡುತ್ತ, ಈ ಮಕ್ಕಳು ಕುರುಡಾಗುವುದಷ್ಟೇ ಅಲ್ಲ, ಉಳಿದ ಮಕ್ಕಳಿಗಿಂತ ಹೆಚ್ಚು ಸಾಯುತ್ತಿದ್ದಾರೆ ಎಂದು ಗುರುತಿಸಿದರು. 1986ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ, ಆರು ತಿಂಗಳಿಗೊಮ್ಮೆ ಎ ಜೀವಸತ್ವ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು ಸುಮಾರು ಮೂರನೇ ಒಂದು ಪಾಲು ಇಳಿದಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಎ ಜೀವಸತ್ವದ ಕೊರತೆ ಇರುವ ಕಡೆ ಗೊಬ್ಬರ ಬಂದ ಮಗುವಿಗೆ ಅದನ್ನು ಕೊಡಬೇಕೆಂದು ಹೇಳಿದವು. ನಡುವಿನ ಐವತ್ತು ವರ್ಷದಲ್ಲಿ ಹೋದ ಕಣ್ಣುಗಳಿಗೆ ಯಾರು ಜವಾಬು?

ನಮ್ಮ ದೇಶ ಈ ವಿಷಯದಲ್ಲಿ ಪೂರಾ ನಿದ್ದೆ ಮಾಡಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಒಂದೇ ಸಲಕ್ಕೆ ದೊಡ್ಡ ಡೋಸಿನ ಎ ಜೀವಸತ್ವ ಕುಡಿಸಿ ಮಕ್ಕಳ ಕಣ್ಣು ಉಳಿಸಬಹುದೆಂದು ಹಳ್ಳಿಗಳಲ್ಲೇ ಪರೀಕ್ಷಿಸಿ ನೋಡಿದ್ದರು. 1970ರಲ್ಲಿ ಅದು ಸರಕಾರಿ ಕಾರ್ಯಕ್ರಮವಾಯಿತು. ಆದರೆ ಹಾಳೆಯ ಮೇಲಿನ ಕಾರ್ಯಕ್ರಮ ನಮ್ಮ ಓಣಿಗೆ ಬರಲು ಕಾಲ ಹಿಡಿಯಿತು. ಅಷ್ಟರಲ್ಲಿ 1972ರ ಬರ ಬಂತು. ಕಂಕರ್ ಒಡೆಯುವ ಬರಗಾಲದ ಕೆಲಸ, ಗಂಜಿ, ಅಮೆರಿಕದ ಗೋಧಿ, ಕೆಂಪು ಜೋಳ ಎಂದು ನಮ್ಮ ಅಜ್ಜ ಅಜ್ಜಿಯರು ಇವತ್ತಿಗೂ ಹೇಳುವ ಬರ ಅದು. ಆ ವರ್ಷಗಳಲ್ಲಿ ಎರಡು ಮೂರು ವಯಸ್ಸಿದ್ದವರಿಗೆ ಈಗ ಐವತ್ತು ದಾಟಿದೆ. ಹೂ ಬಿದ್ದ ಕಣ್ಣಿನವರು ಸಿಕ್ಕರೆ ಹುಟ್ಟಿದ ವರ್ಷ ಕೇಳಿ ನೋಡಿ.

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು 33 ಕಡೆ, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ. ನಮ್ಮ ಕಡೆ ಬಂದದ್ದು ಆಮೇಲೆ. ಗೊಬ್ಬರದ ಲಸಿಕೆ ಅಮೆರಿಕದಲ್ಲಿ 1963ರಲ್ಲೇ ಸಿದ್ಧವಾಗಿತ್ತು. ನಮ್ಮ ದೇಶದ ಎಲ್ಲ ಮಕ್ಕಳಿಗೆ ಕೊಡುವ ಪಟ್ಟಿಗೆ ಸೇರಿದ್ದು 1985ರಲ್ಲಿ. ಮೂವತ್ತರ ಒಳಗಿನವರಲ್ಲಿ ಹೂ ಬಿದ್ದ ಕಣ್ಣು ಅಪರೂಪ ಎಂದೆವಲ್ಲ, ಅದಕ್ಕೆ ಈ ಸೂಜಿ, ಅಂಗನವಾಡಿಯ ಆ ಚಮಚೆ, ನೀರಾವರಿ ಬಂದು ಸಂತೆಯಲ್ಲಿ ವರ್ಷಪೂರ್ತಿ ಸಿಗುತ್ತಿರುವ ಪಲ್ಯ ಮೂರೂ ಕಾರಣ. ಒಂದಕ್ಕೇ ಪೂರ್ತಿ ಶ್ರೇಯ ಕೊಡಲು ನಾವು ಒಪ್ಪುವುದಿಲ್ಲ.

ಕಣ್ಣಿನ ಮಾತಾಡುವಾಗ ಡಾ. ಎಂ.ಸಿ. ಮೋದಿಯವರನ್ನು ನೆನೆಯದಿದ್ದರೆ ನಮ್ಮ ಹಿರಿಯರು ಸುಮ್ಮನಿರಲಿಕ್ಕಿಲ್ಲ. 1916ರಲ್ಲಿ ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರು ತಿರುಗಿ ಬಿಡಾರ ಹೂಡಿ ಪುಕ್ಕಟೆ ಕಣ್ಣಿನ ಆಪರೇಷನ್ ಮಾಡಿದವರು. ಜೀವಮಾನದಲ್ಲಿ ಮಾಡಿದ್ದು 6 ಲಕ್ಷಕ್ಕೂ ಮೇಲೆ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ ಅವರದು. ಆದರೆ ಅವರ ಕತ್ತರಿ ಮುಖ್ಯವಾಗಿ ಬಿಡಿಸುತ್ತಿದ್ದದ್ದು ಪೊರೆಯನ್ನು. ಹೂ ಬೇರೆ. ಪೊರೆ ತೆಗೆದ ಅಜ್ಜ ಪಟ್ಟಿ ಬಿಚ್ಚಿದ ದಿನ ಮೊಮ್ಮಕ್ಕಳ ಮುಖ ನೋಡುತ್ತಾನೆ. ಅದೇ ಬಿಡಾರಕ್ಕೆ ಕೈ ಹಿಡಿಸಿಕೊಂಡು ಬಂದ, ಗೊಬ್ಬರದಲ್ಲಿ ಕಣ್ಣು ಕರಗಿದ ಹುಡುಗಿಗೆ ಪೊರೆಯ ಆಪರೇಷನ್ ಏನೂ ಮಾಡಲಾರದು. ಪೊರೆ ಮತ್ತು ಹೂವಿನ ವ್ಯತ್ಯಾಸವನ್ನು ನಾವು ಮೊದಲೇ ಹೇಳಿದ್ದು ಇದಕ್ಕಾಗಿ.

ಹೂ ಬಿದ್ದವರಿಗೆ ಇರುವ ದಾರಿ, ಸತ್ತವರು ದಾನ ಮಾಡಿದ ಕಾರ್ನಿಯಾ ಹಾಕುವುದು. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾದದ್ದು ನಿಮಗೆಲ್ಲ ಗೊತ್ತು. ಅಪ್ಪುವಿನ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಹಾಕಿದರು. ಇದರಲ್ಲೂ ಒಂದು ತೊಡಕು ಇದೆ. ತೀರಾ ಸಣ್ಣ ವಯಸ್ಸಿನಲ್ಲೇ ಕಣ್ಣು ಮುಚ್ಚಿದರೆ ಮೆದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ಐವತ್ತು ವರ್ಷದ ನಂತರ ಹೊಸ ಕಾರ್ನಿಯಾ ಹಾಕಿದರೂ ದೃಷ್ಟಿ ಪೂರ್ತಿ ಮರಳುವುದಿಲ್ಲ. ಹಾಗಾಗಿ ಮಕ್ಕಳ ವಿಷಯದಲ್ಲಿ ತಡ ಮಾಡಬಾರದು.

ಕಣ್ಣು ಹೋದ ಮಕ್ಕಳು ಏನಾದರು? ಬಹಳ ಮಂದಿ ಮನೆಯ ಕಟ್ಟೆಯ ಮೇಲೇ ಕಾಲ ಕಳೆದರು. ಕೆಲವರ ಪಾಲಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಇತ್ತು. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು, ಕೂಸಿದ್ದಾಗಲೇ ಕಣ್ಣು ಕಳಕೊಂಡ ಪುಟ್ಟರಾಜ ಗವಾಯಿಗಳು ಉತ್ತರ ಕರ್ನಾಟಕದ ಹಳ್ಳಿಗಳ ಅಂಧ ಮಕ್ಕಳಿಗೆ ಅನ್ನ ಹಾಕಿ, ಹಾರ್ಮೋನಿಯಂ, ತಬಲಾ, ಹಾಡು ಕಲಿಸಿ ನಾಡಿಗೆ ಕಳಿಸಿದರು. ನಮ್ಮ ಜಾತ್ರೆಗಳಲ್ಲಿ, ಪುರಾಣ ಪ್ರವಚನಗಳಲ್ಲಿ ಹಾಡಲು ಕೂರುವ ಗವಾಯಿಗಳಲ್ಲಿ ಎಷ್ಟೋ ಮಂದಿ ಆ ಮಠದ ಅನ್ನ ಉಂಡವರು.

ಇನ್ನು ರುಬೆಲ್ಲಾ. ಈ ಹೆಸರು ನಮ್ಮ ಹಳ್ಳಿಗಳಲ್ಲಿ ಕೇಳಿಬಂದದ್ದು 2017ರ ಫೆಬ್ರವರಿಯಲ್ಲಿ. ಗೊಬ್ಬರ ಮತ್ತು ರುಬೆಲ್ಲಾ ಎರಡಕ್ಕೂ ಒಂದೇ ಸೂಜಿ ಹಾಕುವ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನವರಿಗೆಲ್ಲ ಹಾಕಿದರು. ರುಬೆಲ್ಲಾ ಮಕ್ಕಳಿಗೆ ಬಂದರೆ ಹಗುರ ಜ್ವರ, ದದ್ದು, ಅಷ್ಟೇ. ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಕೂಸು ಪೊರೆ ಬಂದ ಕಣ್ಣಿನೊಂದಿಗೇ ಹುಟ್ಟಬಹುದು, ಕಿವುಡಾಗಬಹುದು, ಎದೆಯಲ್ಲಿ ತೊಂದರೆ ಇರಬಹುದು. ಇದನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್. 2017ರಲ್ಲಿ ನಮ್ಮ ರಾಜ್ಯದಲ್ಲೂ ವಾಟ್ಸ್ಆ್ಯಪಿನಲ್ಲಿ ಈ ಸೂಜಿಯ ಬಗ್ಗೆ ಸುಳ್ಳು ಸುದ್ದಿ ಓಡಾಡಿತು. ನೂರು ವರ್ಷದ ಹಿಂದೆ ಕೂಸನ್ನು ಅಡಗಿಸಿದ ತಾಯಿಗೆ ಒಂದು ಕಾರಣವಾದರೂ ಇತ್ತು.

ಈಗಿನ ಚಿಂತೆ ಬೇರೆ. ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು, ಗೌಂಡಿ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಹೋಗುವವರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಕಬ್ಬಿನ ಹಂಗಾಮು ಐದಾರು ತಿಂಗಳು. ಒಂಬತ್ತನೇ ತಿಂಗಳ ಸೂಜಿ, 16ರಿಂದ 24 ತಿಂಗಳೊಳಗಿನ ಎರಡನೇ ಸೂಜಿ ಆ ಹೊತ್ತಿನಲ್ಲೇ ತಪ್ಪಬಹುದು. ಕೊರೊನಾ ಕಾಲದಲ್ಲಿ ಎಷ್ಟೋ ಕಡೆ ತಪ್ಪಿತ್ತು. 2022ರ ಕೊನೆಯಲ್ಲಿ ಮುಂಬೈಯಲ್ಲಿ ಗೊಬ್ಬರ ಎದ್ದು ಮಕ್ಕಳು ತೀರಿಕೊಂಡರು. ನೂರಕ್ಕೆ 95 ಮಕ್ಕಳಿಗೆ ಎರಡೂ ಸೂಜಿ ಆಗದಿದ್ದರೆ ಈ ಬೇನೆ ಮತ್ತೆ ಹರಡುತ್ತದೆ ಎನ್ನುತ್ತಾರೆ ತಿಳಿದವರು.

ಗಂಟು ಕಟ್ಟುವಾಗ ತಾಯಿ ಕಾರ್ಡನ್ನೂ ಕಟ್ಟಿಕೊಳ್ಳಿ. ಯಾವ ರಾಜ್ಯದ ಸರಕಾರಿ ದವಾಖಾನೆಯಲ್ಲೂ ಸೂಜಿ ಪುಕ್ಕಟೆ. ಎ ಜೀವಸತ್ವದ ಮೊದಲ ಡೋಸ್ ಒಂಬತ್ತನೇ ತಿಂಗಳ ಸೂಜಿಯ ಜೊತೆ, ಎರಡನೆಯದು ಎರಡನೇ ಸೂಜಿಯ ಜೊತೆ, ಆಮೇಲೆ ಆರು ತಿಂಗಳಿಗೊಮ್ಮೆ ಐದು ವರ್ಷದ ತನಕ. ಒಟ್ಟು ಒಂಬತ್ತು ಸಲ. ಅಳತೆ ಮೀರಬಾರದು, ಆಶಾ ಅಥವಾ ನರ್ಸ್ ಅಕ್ಕನವರ ಕೈಯಿಂದಲೇ ಆಗಲಿ. ಮನೆಯಲ್ಲಿ ಗೊಬ್ಬರ ಬಂದರೆ ಕಣ್ಣಿಗೆ ಏನೂ ಹಿಂಡದೆ, ಮೊಲೆಹಾಲು, ಊಟ ನಿಲ್ಲಿಸದೆ ದವಾಖಾನೆಗೆ ಒಯ್ಯಿರಿ. ಗೊಬ್ಬರದ ಮಗುವಿಗೆ ಎ ಜೀವಸತ್ವವನ್ನು ಒಂದು ದಿನ, ಮರುದಿನ ಇನ್ನೊಮ್ಮೆ ಕೊಡುತ್ತಾರೆ. ಕೊಡಲು ಮರೆತರೆ ನೀವೇ ಕೇಳಿ.